ಮಾಳವ್ವನ ಕಂಬಳಿ, ನೂರು ಹಳದಿ ಹೂಗಳು

ಭೂಮಿಗೆ ಇನ್ನೂ ಹಸಿ ಮಣ್ಣಿನ ವಾಸನೆ ಇದ್ದ ಕಾಲವದು. ಕರಿಬಂಡೆಯ ಬೆಟ್ಟದ ಮೇಲೆ ಮಾಳವ್ವಜ್ಜಿ ಕುರಿ ಕಾಯುತ್ತಿದ್ದಳು. ಅವಳ ಸುತ್ತ ನೂರು ಹಳದಿ ಹೂಗಳಿದ್ದವು. ಒಂದೊಂದೂ ಸಾಸಿವೆ ಕಾಳಿನಷ್ಟು. ಒಂದೊಂದಕ್ಕೂ ಬೇರೆ ದಂಟು, ಬೇರೆ ಜಗಳ.

"ಅಜ್ಜೀ, ಇಕಿ ನನ್ನ ಬಿಸಿಲಿಗೆ ಅಡ್ಡ ನಿಂತಾಳ!"

"ಅಜ್ಜೀ, ಗಾಳಿ ನನ್ನನ್ನಷ್ಟ ನೂಕತೈತಿ!"

ಬೆಳಗಿನಿಂದ ಬೈಗಿನವರೆಗೂ ಇದೇ ರಾಗ. ಮಾಳವ್ವನ ತಲೆ ಚಿಟ್ಟು ಹಿಡಿದುಹೋಗಿತ್ತು. ಆದರೆ ಆ ಬೆಟ್ಟದಲ್ಲಿ ಅವಳಿಗೆ ಮಾತಿಗೆ ಬೇರೆ ಯಾರಿದ್ದರು?

ಒಂದು ದಿನ ಜೇನ್ನೊಣ ಬಂತು. ಮೇಲೆಯೇ ಸುತ್ತಿತು, ಇಳಿಯಲಿಲ್ಲ.

"ಇಷ್ಟಿಷ್ಟ ಹೂವು ಹುಡುಕಿ ಹುಡುಕಿ ರೆಕ್ಕಿ ಸೋತಾವ ಅಜ್ಜಿ. ನಾಳೆ ಒಮ್ಮೆ ಬರ್ತೀನಿ. ಆಗ್ಲೂ ಹೂವು ಕಣ್ಣಿಗೆ ಕಾಣಲಿಲ್ಲಂದ್ರ ಕೆಳಗಿನ ಕಾಡಿಗೆ ಹೋಗಿಬಿಡ್ತೀನಿ."

ಜೇನ್ನೊಣ ಇಳಿಯದಿದ್ದರೆ ಬೀಜವಿಲ್ಲ. ಬೀಜವಿಲ್ಲದಿದ್ದರೆ ಬರುವ ವರ್ಷ ಬೆಟ್ಟ ಬೋಳು. ಮಾಳವ್ವನಿಗೆ ಅದೇ ಚಿಂತೆಯಾಯಿತು. ಹೂಗಳಿಗೋ, ಆಗಲೂ ಜಗಳವೇ!

"ಬಾಯಿ ಮುಚ್ಚರಿ! ಸಾಕಾಗಿ ಹೋಗೇತಿ ನನಗ" ಎಂದು ಗದರಿದಳು. "ನಮ್ಮ ಹಟ್ಟಿಯೊಳಗ ಮಕ್ಕಳೆಲ್ಲ ಒಂದ ಗಂಗಾಳದಾಗ ಉಣ್ತಾವ, ಒಂದ ಕಂಬಳ್ಯಾಗ ಮಲಗ್ತಾವ. ನೀವೇನು ದೊಡ್ಡ ರಾಣ್ಯಾರು ಬಂದೀರೇನು?"

ಹಸಿರೆಲೆ ಹೆಣೆದು ಪುಟ್ಟ ಗಂಗಾಳ ಮಾಡಿದಳು. ಗಟ್ಟಿ ದಂಟೊಂದರ ತುದಿಗೆ ಅದನ್ನು ಸಿಕ್ಕಿಸಿ, ನೂರೂ ಹೂಗಳನ್ನು ಅದರೊಳಗೆ ಕೂರಿಸಿದಳು.

"ನಡುವಿನವರು ನೆಟ್ಟಗ ಕೂಡ್ರಿ. ಅಂಚಿನವರು ಕೈ ಚಾಚಿ ಜೇನ್ನೊಣಾನ ಕರೀರಿ."

ಗೊಣಗುತ್ತಲೇ ತನಗಿದ್ದ ಒಂದೇ ಬಿಳಿ ಕಂಬಳಿಯನ್ನೂ ತಂದು, ಚಳಿಯಾಗದಂತೆ ಅವುಗಳ ಸೊಂಟಕ್ಕೆ ಸುತ್ತಿದಳು.

ಮರುದಿನ ಜೇನ್ನೊಣ ಬಂತು. "ಅಬ್ಬಾ, ಎಷ್ಟ ದೊಡ್ಡ ಹೂವು!" ಎಂದು ಇಳಿದೇಬಿಟ್ಟಿತು. ಒಂದೇ ಸಲಕ್ಕೆ ನೂರನ್ನೂ ಮುಟ್ಟಿತು. ನೂರೂ ಬೀಜವಾದವು.

ಬೀಜವಾದರೆ ಬುದ್ಧಿ ಬಂತೇ? ಎಲ್ಲಿ ಬಂತು!

"ಕಂಬಳಿ ನಂದು!"

"ನಂದು!"

ಎಳೆದಾಡಿ ಎಳೆದಾಡಿ ಕಂಬಳಿ ಪರ್ರನೆ ಹರಿಯಿತು. ಅಷ್ಟರಲ್ಲಿ ಗಾಳಿ ಬೀಸಿತು. ಕೈಗೆ ಸಿಕ್ಕ ಚೂರು ಹಿಡಿದುಕೊಂಡು ನೂರೂ ಹಾರಿಹೋದವು.

"ಅಯ್ಯೋ, ನನ್ನ ಕಂಬಳಿ! ಹಾಳಾದವರ!" ಮಾಳವ್ವ ಬೈದಳು. ಬೈಯುತ್ತಲೇ ಅವು ಕಣ್ಮರೆಯಾಗುವ ತನಕ ನಿಂತಳು. ಆಮೇಲೆ ಕಣ್ಣೊರೆಸಿಕೊಂಡು ಕೂಗಿದಳು: "ಬಿಗಿಯಾಗಿ ಹಿಡ್ಕೋರಿ, ಹೊರಗ ಚಳಿ ಐತಿ!"

ಅದಕ್ಕೇ ಮಗು, ಇವತ್ತಿಗೂ ಬೆಟ್ಟದ ಹಳದಿ ಹೂವೊಂದನ್ನು ಬಿಡಿಸಿದರೆ ಒಳಗೆ ಪುಟ್ಟ ಪುಟ್ಟ ಹೂಗಳು ನೂಕಾಡುತ್ತ ಕೂತಿರುತ್ತವೆ. ಒಣಗಿದ ಮೇಲೆ ಊದಿದರೆ, ಒಂದೊಂದು ಬೀಜವೂ ಅಜ್ಜಿಯ ಕಂಬಳಿಯ ಚೂರನ್ನು ಬಿಗಿಯಾಗಿ ಹಿಡಿದುಕೊಂಡೇ ಹಾರುತ್ತದೆ.