ಕಣ್ಣಿಗೆ ಕಾಣದ ಒಕ್ಕಲು

"ಗುರುಗಳೇ, ನಾಳೆ ನನ್ನ ತಾಯಿ ನನ್ನನ್ನು ನೋಡಲು ಬರುತ್ತಾಳೆ. ಅವಳಿಗೆ ಅಕ್ಷರ ಬಾರದು. ಮಾತು ಒರಟು. ಇಲ್ಲಿ ಎಲ್ಲರೂ ನಗುತ್ತಾರೆ. ಹೊರಬಾಗಿಲಲ್ಲೇ ಮಾತನಾಡಿಸಿ ಕಳಿಸಿಬಿಟ್ಟರೆ ತಪ್ಪೇ?" ಎಂದು ಶಿಷ್ಯನೊಬ್ಬ ಕೇಳಿದ. ಓದಿನಲ್ಲಿ ಅವನು ಎಲ್ಲರಿಗಿಂತ ಮುಂದಿದ್ದ.

ಗುರುಗಳು ಹೌದು, ಅಲ್ಲ ಎನ್ನದೆ ಕತೆ ಹೇಳಿದರು.

ಒಬ್ಬ ವ್ಯಾಪಾರಿಯ ಕುದುರೆ ಮರಿ ಹಾಕಿತು. ವ್ಯಾಪಾರಿ ಹಿಗ್ಗಿ ಬಂದವರಿಗೆಲ್ಲ ಬೆಲ್ಲ ಹಂಚಿದ. ಎರಡು ವಾರ ಕಳೆಯಿತು. ಒಂದು ಬೆಳಿಗ್ಗೆ ಮರಿ ತಾಯಿಯ ಲದ್ದಿ ತಿನ್ನುವುದು ಕಣ್ಣಿಗೆ ಬಿತ್ತು. "ನನ್ನ ಮನೆಯಲ್ಲಿ ಹುಟ್ಟಿ ಇದೇನು ಬುದ್ಧಿ!" ಎಂದು ಅವನಿಗೆ ನಾಚಿಕೆಯಾಯಿತು. ಅಂದಿನಿಂದ ಲದ್ದಿ ಬಿದ್ದ ಕೂಡಲೇ ಗುಡಿಸಿ ಹಾಕಿಸತೊಡಗಿದ. ಲಾಯದ ನೆಲ ಅಡಿಗೆಮನೆಯಷ್ಟು ಚೊಕ್ಕಟವಾಯಿತು.

ಬರೀ ಹಾಲು ಕುಡಿಯುವಾಗ ಮರಿ ಚೆನ್ನಾಗಿತ್ತು. ಹುಲ್ಲು ಮೇಯತೊಡಗಿದ ಮೇಲೆ ಸೊರಗಿತು. ಹೊಟ್ಟೆ ಉಬ್ಬುತ್ತಿತ್ತು, ತಿಂದ ಹುಲ್ಲು ತಿಂದ ಹಾಗೆಯೇ ಹೊರಗೆ ಬರುತ್ತಿತ್ತು. ವ್ಯಾಪಾರಿ ಇನ್ನೂ ಎಳೆಯ ಹುಲ್ಲು ತರಿಸಿದ, ತೊಳೆದು ಹಾಕಿದ. ಕೊನೆಗೆ ಮರಿ ಏಳಲಾರದೆ ಮಲಗಿತು.

ಕುದುರೆಗಳನ್ನು ಸಾಕುತ್ತಲೇ ಮುದುಕನಾದ ಒಬ್ಬನನ್ನು ಕರೆಸಿದರು. ಅವನು ಮರಿಯ ಹೊಟ್ಟೆ ಮುಟ್ಟಿ ನೋಡಿದ. ಆಮೇಲೆ ನೆಲ ನೋಡಿದ.

"ಧಣಿ, ಇಲ್ಲಿ ಎಲೆ ಹಾಕಿದರೆ ನಾನೇ ಊಟಕ್ಕೆ ಕೂರುತ್ತೇನೆ. ತಾಯಿಯ ಲದ್ದಿ ಎಲ್ಲಿ?"

"ಅದನ್ನು ತಿನ್ನಲು ಬಿಡಬೇಕಿತ್ತೇ?"

"ಹುಲ್ಲು ತಿನ್ನುವುದಷ್ಟೇ ಕುದುರೆಯ ಕೆಲಸ. ಅರಗಿಸುವುದು ಅದರ ಹೊಟ್ಟೆಯಲ್ಲಿರುವ, ಕಣ್ಣಿಗೆ ಕಾಣದ ಸಣ್ಣ ಜೀವಗಳ ಒಕ್ಕಲು. ತಾಯಿ ಹುಲ್ಲು ಮೇಯುತ್ತಾಳೆ. ಅವಳ ಹೊಟ್ಟೆಯಲ್ಲಿ ಹುಲ್ಲು ಬಲ್ಲ ಒಕ್ಕಲಿದೆ. ಮರಿಯ ಹೊಟ್ಟೆ ಇನ್ನೂ ಖಾಲಿ ಮನೆ. ಲದ್ದಿಯ ಜೊತೆ ತಾಯಿ ದಿನವೂ ಒಕ್ಕಲು ಕಳಿಸಿದಳು. ನೀವು ದಿನವೂ ಪೊರಕೆ ಹಿಡಿದು ಒಕ್ಕಲೆಬ್ಬಿಸಿದಿರಿ."

ಪೊರಕೆ ಮೂಲೆ ಸೇರಿತು. ಮುದುಕ ಮರಿಯನ್ನು ಎತ್ತಿ ತಾಯಿಯ ಬಳಿ ಬಿಟ್ಟ. ಮೊದಲ ಕೆಲವು ದಿನ ಹಾಲು ಮಾತ್ರ, ಆಮೇಲೆ ಒಂದೊಂದು ಹಿಡಿ ಹುಲ್ಲು. ತಾಯಿಯ ಲದ್ದಿಗೆ ಯಾರೂ ಅಡ್ಡ ಬರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಮರಿ ಬಾಗಿಲಿನ ಅಡ್ಡಪಟ್ಟಿ ಹಾರಿ ಬಯಲಿಗೆ ಓಡಿತು. ರುಮಾಲು ಬಿದ್ದದ್ದೂ ತಿಳಿಯದೆ ವ್ಯಾಪಾರಿ ನಗುತ್ತ ಅದರ ಹಿಂದೆ ಓಡಿದ. ಕಾಲಿನ ಹೊಸ ಜೋಡು ಲದ್ದಿಯಲ್ಲಿ ಹೂತುಹೋಯಿತು. ಅವನು ಇನ್ನೂ ಜೋರಾಗಿ ನಕ್ಕ.

ಶಿಷ್ಯನೂ ನಕ್ಕ. ಆ ನಗು ನಿಲ್ಲುವವರೆಗೆ ಗುರುಗಳು ಕಾದರು.

"ಹತ್ತು ವರ್ಷ ನಾನು ನಿನಗೆ ಹಾಕಿದ್ದೂ ಹುಲ್ಲೇ, ಮಗು. ಅದನ್ನು ಅರಗಿಸುವ ಒಕ್ಕಲು ಯಾರು ಕೊಟ್ಟದ್ದು?"