ಪೊಟರೆಯ ಸೀಳಿಗೆ ತಂದ ಅರ್ಧ ಹಣ್ಣು

ಹೊಳೆಯ ಈಚೆ ದಡದಲ್ಲಿ ಒಂದು ಕಾಡು. ಕಾಡಿನ ನಡುವೆ ಹಣ್ಣು ತುಂಬಿದ ಅತ್ತಿಮರ, ಅದರ ಮಗ್ಗುಲಲ್ಲೇ ದೊಡ್ಡ ಪೊಟರೆಯಿದ್ದ ಹೊನ್ನೆಮರ. ಆ ಪೊಟರೆಯಲ್ಲಿ ಕೊಂಬಯ್ಯ, ಕೆಂಚವ್ವ ಎಂಬ ಮಂಗಟ್ಟೆ ಹಕ್ಕಿಗಳು ಸಂಸಾರ ಹೂಡಿದ್ದವು.

ಮಕ್ಕಳೇ, ಮಂಗಟ್ಟೆಗಳ ಮನೆಯ ಪದ್ಧತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣುಹಕ್ಕಿ ಪೊಟರೆಯೊಳಗೆ ಕೂತು ಬಾಗಿಲಿಗೆ ಮಣ್ಣು ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕಿನ ತುದಿ ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಆ ಸೀಳಿನಿಂದಲೇ ಗಂಡು ಹಣ್ಣು ಕೊಡಬೇಕು. ಅವನು ತಂದರೆ ಊಟ, ಇಲ್ಲದಿದ್ದರೆ ಉಪವಾಸ.

ಅತ್ತಿಮರದ ಬುಡದಲ್ಲಿ ಬೆಳಿಗ್ಗೆ ಸಂತೆ ಕೂಡುತ್ತಿತ್ತು. ಸಂತೆಯ ತುಂಬ ಹೆಂಗಸರೇ. ಬೀರವ್ವ ಎಂಬ ಮೊಲ ಉದುರಿದ ಬೂರುಗದ ಕಾಯಿ ಆಯ್ದು, ಬೀಜ ತೆಗೆದು, ಹತ್ತಿ ಹಿಂಜಿ ಇಡುತ್ತಿದ್ದಳು. ಗೂಡಿಗೆ ಹಾಸಿಗೆ ಬೇಕಾದ ಹಕ್ಕಿಗಳು ಹಿಡಿ ಹತ್ತಿಗೆ ನಾಲ್ಕು ಅತ್ತಿಹಣ್ಣು ಕೊಟ್ಟು ಒಯ್ಯುತ್ತಿದ್ದವು. ಮರ ಹತ್ತಲಾರದ ಬೀರವ್ವ ಮೂರು ಮರಿಗಳನ್ನು ಸಾಕಿದ್ದು ಹೀಗೆ.

ಒಂದು ದಿನ ಆಚೆ ದಡದ ನೀರುನಾಯಿಗಳು ಹಣ್ಣು-ಹತ್ತಿಯ ವ್ಯಾಪಾರದ ಮಾತುಕತೆಗೆ ಬಂದವು. ಈಚೆಯವರ ಪರವಾಗಿ ಮಾತಾಡುವವನು ಕೊಂಬಯ್ಯ. ಅವನ ದನಿ ದೊಡ್ಡದು, ಕೊಕ್ಕಿನ ಮೇಲೆ ಹಳದಿ ಕೊಂಬು ಬೇರೆ. ಅದನ್ನು ಅವನು ಕಿರೀಟವೆಂದೇ ತಿಳಿದಿದ್ದ.

"ಹೂಂ ಅನ್ನೋ ಮೊದಲು ಬೀರವ್ವನ್ನ ಒಂದು ಮಾತು ಕೇಳಿ. ಸಂತೆ ಸಂಗತಿ ಅವಳಿಗೆ ಗೊತ್ತು" ಎಂದಳು ಮೊಟ್ಟೆಗೆ ಕೂತಿದ್ದ ಕೆಂಚವ್ವ ಸೀಳಿನೊಳಗಿಂದ.

"ಹತ್ತಿ ಹಿಂಜೋಳನ್ನ ಕೇಳಿ ನಾನು ಎರಡು ಕಾಡಿನ ಮಾತಾಡಬೇಕಾ? ಸುಮ್ಮನೆ ಹಣ್ಣು ತಿನ್ನು" ಎಂದು ಕೊಂಬಯ್ಯ ಹಾರಿಹೋದ.

ಸಭೆ ಕೂಡಿದ್ದು ಹೊಳೆದಂಡೆಯಲ್ಲಿ, ಅದೂ ಸಂತೆಯ ಹೊತ್ತಿಗೆ ಸರಿಯಾಗಿ.

"ನಿಮ್ಮ ಅತ್ತಿಹಣ್ಣು ಎಷ್ಟು ಬೇಕಾದರೂ ನಮ್ಮಲ್ಲಿಗೆ ಬರಲಿ. ನಮ್ಮ ಹತ್ತಿ ಎಷ್ಟು ಬೇಕಾದರೂ ನಿಮ್ಮಲ್ಲಿಗೆ ಬರಲಿ. ನಡುವೆ ತಡೆ ಬೇಡ" ಎಂದ ನೀರುನಾಯಿಗಳ ಯಜಮಾನ. ಆಮೇಲೆ ಸುತ್ತ ನೋಡಿ ಕೇಳಿದ, "ನಿಮ್ಮ ಹೆಂಗಸರು ಯಾರೂ ಕಾಣಲಿಲ್ಲ. ಅವರೇನಂತಾರೆ?"

"ಎಲ್ಲರನ್ನೂ ಕೇಳಿಕೊಂಡೇ ಬಂದಿದೀನಿ. ಎಲ್ಲರಿಗೂ ಒಪ್ಪಿಗೆ" ಎಂದ ಕೊಂಬಯ್ಯ.

ಅವನ ಕೊರಳಿಗೆ ಮುತ್ತುಗದ ಹೂವಿನ ಹಾರ ಬಿತ್ತು.

ಮಾರನೆಯ ದಿನವೇ ಆಚೆಯಿಂದ ಹತ್ತಿ ತುಂಬಿದ ತೆಪ್ಪಗಳು ಬಂದವು. ತಬ್ಬುವಷ್ಟು ಹತ್ತಿಗೆ ಒಂದೇ ಹಣ್ಣು. ಹಕ್ಕಿಗಳೆಲ್ಲ ಅಲ್ಲಿಗೇ ಮುಗಿಬಿದ್ದವು. ಬೀರವ್ವನ ಮುಂದೆ ಒಂದು ವಾರ ಯಾರೂ ನಿಲ್ಲಲಿಲ್ಲ. ಅವಳ ಹತ್ತಿಯ ರಾಶಿಯನ್ನು ಒಂದು ಮಧ್ಯಾಹ್ನ ಗಾಳಿ ಹಾರಿಸಿಕೊಂಡು ಹೋಯಿತು.

ತೆಪ್ಪಕ್ಕೆ ಹಣ್ಣು ಹೊರಲು ನೀರುನಾಯಿಗಳಿಗೆ ಆಳು ಬೇಕಾಗಿತ್ತು. ಬೀರವ್ವ ಅಲ್ಲಿಗೆ ಹೋದಳು. ದಿನಕ್ಕೆ ಗಂಡಾಳಿಗೆ ಒಂದು ಹಣ್ಣು, ಹೆಣ್ಣಾಳಿಗೆ ಅರ್ಧ. ಬುಟ್ಟಿ ಮಾತ್ರ ಎಲ್ಲರಿಗೂ ಒಂದೇ ಗಾತ್ರದ್ದು. ಅವಳು ಏದುತ್ತಾ ಹೋಗುವುದನ್ನು ಕೊಂಬಯ್ಯ ಮೇಲಿನಿಂದ ಕಂಡ. ಕಂಡು ಮುಖ ತಿರುಗಿಸಿಕೊಂಡ. ನಾಲ್ಕು ದಿನ ಕಳೆದರೆ ಎಲ್ಲ ಸರಿಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಇಂಥ ಸಮಾಧಾನ ಹೇಳಿಕೊಳ್ಳುವುದು ಬಹಳ ಸುಲಭ, ಮಕ್ಕಳೇ, ಹೊರುವವರು ನಾವಲ್ಲದಿದ್ದರೆ.

ಅಷ್ಟರಲ್ಲಿ ಪೊಟರೆಯೊಳಗೆ ಮೊಟ್ಟೆಯೊಡೆದು ಮರಿ ಬಂತು. ಅತ್ತಿಮರದಲ್ಲಿ ಎಲೆ ಮಾತ್ರ ಉಳಿದಿತ್ತು. ಕೊಂಬಯ್ಯ ಎರಡು ದಿನ ಕಾಡೆಲ್ಲ ಅಲೆದ, ಏನೂ ಸಿಗಲಿಲ್ಲ. ಸೀಳಿನೊಳಗಿಂದ ಮರಿಯ ಕೂಗು ಸಣ್ಣದಾಗುತ್ತಾ ಬಂತು. ಕೊನೆಗೆ ತೆಪ್ಪದ ಬಳಿ ಹೋಗಿ, "ಒಂದೆರಡು ಹಣ್ಣು ಬಿಡಪ್ಪ" ಎಂದ.

"ಎಷ್ಟು ಬೇಕಾದರೂ ನಮ್ಮಲ್ಲಿಗೆ ಬರಲಿ ಅಂದಾಗ ಒಪ್ಪಿದ್ದು ನೀವೇ ಅಲ್ಲವಾ, ಕೊಂಬಯ್ಯನವರೇ?" ಎಂದ ಯಜಮಾನ. ಅವನ ಮಾತಿನಲ್ಲಿ ಕುಹಕವೇನೂ ಇರಲಿಲ್ಲ.

ಕೂಲಿ ಹಿಡಿದು ಮನೆಗೆ ಹೊರಟಿದ್ದ ಬೀರವ್ವ ಇದನ್ನು ಕೇಳಿಸಿಕೊಂಡಳು. ಹಸಿವು ತಾಳದೆ ಆಗಷ್ಟೇ ಒಂದು ಕಚ್ಚು ಕಚ್ಚಿದ್ದ ಅರ್ಧ ಹಣ್ಣನ್ನು ಅವನ ಮುಂದಿಟ್ಟಳು.

"ತಗೊಂಡು ಹೋಗಿ, ಕೊಂಬಯ್ಯಣ್ಣ. ಕೆಂಚವ್ವ ಬಾಣಂತಿ."

ಕೊಂಬಯ್ಯನಿಗೆ ತೆಗೆದುಕೊಳ್ಳಲು ನಾಚಿಕೆ, ಬಿಟ್ಟುಹೋಗಲು ಭಯ. ತೆಗೆದುಕೊಂಡ.

"ಎಲ್ಲಿ ಸಿಕ್ಕಿತು?" ಕೆಂಚವ್ವ ಕೇಳಿದಳು.

"ಆಚೆ ಗುಡ್ಡದಲ್ಲಿ."

"ಇದರ ಮೇಲೆ ಮೊಲದ ಹಲ್ಲಿನ ಗುರುತಿದೆಯಲ್ಲ."

ಕೊಂಬಯ್ಯ ತಲೆತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದ.

"ನಾನು ಒಳಗಿದ್ದೆ, ಸರಿ. ಬೀರವ್ವ ಹೊರಗೇ ಇದ್ದಳಲ್ಲ. ಅವಳನ್ನ ಒಂದು ಮಾತು ಕೇಳೋಕೆ ನಿಮಗೇನಾಗಿತ್ತು?"

ಅವಳು ಹಣ್ಣನ್ನು ಸೀಳಿ ಒಂದು ಪಾಲನ್ನು ಮರಿಯ ಬಾಯಿಗಿಟ್ಟಳು. ಇನ್ನೊಂದು ಪಾಲು ಸೀಳಿನಿಂದ ಹೊರಗೆ ಬಂತು. "ಇದನ್ನ ಅವಳ ಮಕ್ಕಳಿಗೆ ಕೊಟ್ಟು ಬನ್ನಿ. ಹಾರಿಕೊಂಡು ಹೋಗಬೇಡಿ, ಸಂತೆಯ ನಡುವೆ ನಡೆದು ಹೋಗಿ."

ಕೊಂಬಯ್ಯ ನಡೆದ. ಕಾಲು ಹಣ್ಣು ಕೊಕ್ಕಿನಲ್ಲಿತ್ತು, ಬಾಡಿದ ಹಾರ ಇನ್ನೂ ಕೊರಳಲ್ಲೇ ಇತ್ತು. ಗಿರಾಕಿಗಳಿಲ್ಲದೆ ಸಂಜೆಯವರೆಗೂ ಸಂತೆಯಲ್ಲಿ ಸುಮ್ಮನೆ ಕೂತಿದ್ದ ಹೆಂಗಸರೆಲ್ಲ ನೋಡಿದರು, ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಎಂದುಕೊಂಡ. ಬೀರವ್ವನ ಬಿಲದ ಬಾಯಲ್ಲಿ ಹಣ್ಣನ್ನಿಟ್ಟು ಹಾರ ಕಿತ್ತು ಹಾಕಿದ.

ಮರುದಿನ ಸಭೆ ಕೂಡಿದ್ದು ಹೊನ್ನೆಮರದ ಕೆಳಗೆ, ಕೆಂಚವ್ವನಿಗೂ ಕೇಳಿಸುವ ಹಾಗೆ. "ಎಲ್ಲರನ್ನೂ ಕೇಳಿದೀನಿ ಅಂದಿದ್ದೆ. ಯಾರನ್ನೂ ಕೇಳಿರಲಿಲ್ಲ" ಎಂದ ಕೊಂಬಯ್ಯ ನೀರುನಾಯಿಗಳ ಮುಂದೆ. ಹೇಳಿ ಹಿಂದೆ ಹೋಗಿ ಕೂತ.

ಬೀರವ್ವ ಎದ್ದು ನಿಂತಳು. "ನಿಮ್ಮ ಹತ್ತಿ ಬೇಡ ಅನ್ನಲ್ಲ. ಕಿತ್ತಿಟ್ಟ ಹಣ್ಣಿನಲ್ಲೂ ಮುಂದೆ ಬಿಡೋ ಹಣ್ಣಿನಲ್ಲೂ ಅರ್ಧ ಇಲ್ಲೇ ಉಳಿಯಲಿ. ಗಂಡಾಳಿಗೆಷ್ಟೋ ಹೆಣ್ಣಾಳಿಗೂ ಅಷ್ಟೇ ಕೂಲಿ. ಇಲ್ಲದಿದ್ದರೆ ನಾಳೆಯಿಂದ ನಾವು ಆಳುಗಳ್ಯಾರೂ ಬುಟ್ಟಿ ಮುಟ್ಟಲ್ಲ."

ಹೊರುವವರಿಲ್ಲದೆ ಹಣ್ಣು ಹೊಳೆ ದಾಟುವುದಿಲ್ಲವಲ್ಲ, ನೀರುನಾಯಿಗಳು ಒಪ್ಪಿದವು. ಪೊಟರೆಯ ಮರಿಯೂ ಬದುಕಿತು. ಆದರೆ ಬೀರವ್ವನ ಹಳೆಯ ಗಿರಾಕಿಗಳು ತಿರುಗಿ ಬರಲಿಲ್ಲ. ಅವಳ ಬೂರುಗದ ಕಾಯಿ ಮರದಡಿಯಲ್ಲೇ ಕೊಳೆಯಿತು. ಅದರ ಪಕ್ಕದಲ್ಲಿ ಹಾದುಹೋಗುವಾಗಲೆಲ್ಲ ಕೊಂಬಯ್ಯ ತಲೆತಗ್ಗಿಸುತ್ತಿದ್ದ.

ನೀತಿ: ಯಾರ ಅನ್ನದ ಮಾತು ನಡೆಯುತ್ತಿದೆಯೋ ಅವರನ್ನು ಕೇಳದೆ ಅವರ ಪರವಾಗಿ ಹೂಂ ಅನ್ನಬಾರದು.