ಹಿಂದಕ್ಕೆ ಮುಖ ಮಾಡಿ ಕೂತವಳು

ವಾರಿಜಾ ಮತ್ತು ಮಂದಾರಾ ಅಕ್ಕತಂಗಿಯರು. ಊರಾಚೆಯ ಅಣೆಕಟ್ಟಿನ ಹಿನ್ನೀರಿನಲ್ಲಿ ಇಬ್ಬರೂ ವಾಟರ್ ಸ್ಕೀಯಿಂಗ್ ಕಲಿಯುತ್ತಿದ್ದರು. ಮುಂದೆ ಮೋಟಾರು ದೋಣಿ ಓಡುತ್ತದೆ. ಅದಕ್ಕೆ ಕಟ್ಟಿದ ಹಗ್ಗ ಹಿಡಿದು, ಎರಡೂ ಕಾಲಿಗೆ ಒಂದೊಂದು ಉದ್ದನೆಯ ಹಲಗೆ ತೊಟ್ಟು, ನೀರಿನ ಮೇಲೆ ಜಾರುತ್ತಾ ಹೋಗಬೇಕು.

ಕಲಿಸುವವರು ಇಗ್ನೇಷಿಯಸ್ ಮಾಸ್ತರರು. ದೋಣಿ ಓಡಿಸುವವರ ಜೊತೆ ಇನ್ನೊಬ್ಬರು ಇರಲೇಬೇಕು ಎನ್ನುವುದು ಅವರ ಕಟ್ಟುನಿಟ್ಟಿನ ನಿಯಮ. ಆ ಇನ್ನೊಬ್ಬರು ಹಿಂದಕ್ಕೆ ಮುಖ ಮಾಡಿ ಕೂತು, ಹಗ್ಗ ಹಿಡಿದವರನ್ನೇ ನೋಡುತ್ತಿರಬೇಕು. ಬಿದ್ದ ಕೂಡಲೇ ಕೂಗಿ ಹೇಳಿ, ನೀರಿನಲ್ಲಿ ಯಾರೋ ಇದ್ದಾರೆ ಎಂದು ಬೇರೆ ದೋಣಿಗಳಿಗೂ ತಿಳಿಯುವಂತೆ ಕಿತ್ತಳೆ ಬಣ್ಣದ ಬಾವುಟ ಎತ್ತಬೇಕು.

ಒಂದು ಭಾನುವಾರ ವಾರಿಜಾಳ ಎಡಗೈ ಉಳುಕಿತ್ತು. ಪಟ್ಟಿ ಸುತ್ತಿದ ಕೈಯಲ್ಲಿ ಹಗ್ಗ ಹಿಡಿಯುವ ಹಾಗಿರಲಿಲ್ಲ. ದೋಣಿಯಲ್ಲಿ ಹಿಂದಕ್ಕೆ ನೋಡುವ ಕೆಲಸಕ್ಕೆ ಮಾಸ್ತರರು ಅವಳನ್ನು ಕೂರಿಸಿದರು.

"ಸುಮ್ನೆ ನೋಡ್ತಾ ಕೂರೋದೂ ಒಂದು ಕೆಲಸಾನಾ ಸರ್?" ಎಂದಳು ವಾರಿಜಾ, ಮುಖ ಊದಿಸಿಕೊಂಡು.

"ನಾನು ಮುಂದೆ ನೋಡ್ಬೇಕಮ್ಮ. ನಂಗೆ ಬೆನ್ನಲ್ಲಿ ಕಣ್ಣಿಲ್ವಲ್ಲ" ಎಂದು ಮಾಸ್ತರರು ನಕ್ಕರು.

ಅಷ್ಟರಲ್ಲಿ ನೀರಿನಿಂದ ಮಂದಾರಾ ಕೂಗಿದಳು. "ಅಕ್ಕಾ, ಇವತ್ತು ಒಂದೇ ಹಲಗೆ ಮೇಲೆ ನಿಲ್ತೀನಿ. ವಿಡಿಯೋ ಮಾಡೇ, ಅಮ್ಮಂಗೆ ಕಳಿಸೋಣ!"

ವಾರಿಜಾ ಬಲಗೈಯಲ್ಲಿ ಫೋನ್ ಹಿಡಿದಳು. ಬಾವುಟವನ್ನು ಮಡಿಲಲ್ಲಿ ಇಟ್ಟುಕೊಂಡಳು. ದೋಣಿ ಹೊರಟಿತು. ಫೋನಿನ ಪರದೆಯಲ್ಲಿ ತಂಗಿ ಹೆಬ್ಬೆರಳಿನಷ್ಟೇ ಕಾಣುತ್ತಿದ್ದಳು. ದೋಣಿ ಕುಲುಕಿದಾಗಲೆಲ್ಲ ಅವಳು ಪರದೆಯಿಂದ ಜಾರಿ ಹೋಗುತ್ತಿದ್ದಳು. ಈಗ ಇವಳು ಬಿದ್ದರೆ? ಫೋನ್ ಇಟ್ಟು, ಬಾವುಟ ಹುಡುಕಿ, ಎತ್ತುವಷ್ಟರಲ್ಲಿ? ವಾರಿಜಾಳಿಗೆ ಇದ್ದದ್ದು ಒಂದೇ ಕೈ. ಅವಳು ಫೋನನ್ನು ಚೀಲಕ್ಕೆ ಹಾಕಿ ಬಾವುಟ ಹಿಡಿದಳು.

ಮಂದಾರಾ ಅದನ್ನು ಕಂಡಳು. ಸಿಟ್ಟಿನಿಂದ ಏನೋ ಕೂಗಿದಳು. ಇಂಜಿನ್ ಸದ್ದಿನಲ್ಲಿ ಅದು ಕೇಳಿಸಲಿಲ್ಲ. ದೋಣಿ ತಿರುಗುವಾಗ ಅಡ್ಡ ಬಂದ ಅಲೆಗೆ ಅವಳ ಹಲಗೆ ಸಿಕ್ಕಿತು. ಎದೆ ನೀರಿಗೆ ಬಡಿಯುವಂತೆ ಬಿದ್ದಳು.

"ಬಿದ್ಲು ಸರ್!" ವಾರಿಜಾ ಬಾವುಟ ಎತ್ತಿದಳು.

ಮಾಸ್ತರರು ವೇಗ ಇಳಿಸಿದರು. "ಕೈ ಎತ್ತಿದ್ಳಾ?" ಬಿದ್ದವರು ಕೈ ಎತ್ತಿದರೆ, ನನಗೇನೂ ಆಗಿಲ್ಲ ಎಂದು ಅರ್ಥ.

"ಇಲ್ಲ ಸರ್."

ಅದೇ ಹೊತ್ತಿಗೆ ನಡುಗಡ್ಡೆಯ ಹಿಂದಿನಿಂದ ಪ್ರವಾಸಿಗರ ದೋಣಿಯೊಂದು ಜೋರಾಗಿ ಬಂತು. ನೇರ ಮಂದಾರಾ ಇದ್ದ ಕಡೆಗೇ. ಲೈಫ್ ಜಾಕೆಟ್ ಅವಳನ್ನು ತೇಲಿಸಿತ್ತು, ಆದರೆ ಹೊಳೆಯುವ ಅಲೆಗಳ ನಡುವೆ ಕಾಣುತ್ತಿದ್ದದ್ದು ತಲೆ ಮಾತ್ರ. ವಾರಿಜಾ ಸೀಟಿನ ಮೇಲೆ ಮೊಣಕಾಲೂರಿ ಬಾವುಟವನ್ನು ಎಷ್ಟು ಮೇಲೆ ಹಿಡಿಯಬಹುದೋ ಅಷ್ಟು ಮೇಲೆ ಹಿಡಿದು ಬೀಸಿದಳು. ತಂಗಿಯ ಮೇಲಿನ ಕಣ್ಣು ತೆಗೆಯಲಿಲ್ಲ.

ಆ ದೋಣಿ ಪಕ್ಕಕ್ಕೆ ಹೊರಳಿತು. ವೇಗ ತಗ್ಗಿಸಿ ದೂರದಲ್ಲಿ ನಿಂತಿತು.

ಮಾಸ್ತರರು ದೋಣಿಯನ್ನು ನಿಧಾನವಾಗಿ ತಂದು, ಹತ್ತಿರ ಬಂದ ಮೇಲೆ ಇಂಜಿನ್ ಪೂರ್ತಿ ಆರಿಸಿ ಮಂದಾರಾಳನ್ನು ಮೇಲೆಳೆದುಕೊಂಡರು. ಅವಳು ನೀರು ಕುಡಿದಿದ್ದಳು. ಕೆಮ್ಮಿ ಕೆಮ್ಮಿ ಸುಸ್ತಾದಳು.

ಪ್ರವಾಸಿಗರ ದೋಣಿಯವನು ಅಲ್ಲಿಂದಲೇ ಕೂಗಿ ಹೇಳಿದ. "ಬಿಸಿಲು ಕಣ್ಣಿಗೆ ಹೊಡೀತಿತ್ತಮ್ಮ. ತಲೆ ಕಾಣಲೇ ಇಲ್ಲ. ಬಾವುಟ ಕಂಡಿದ್ದಕ್ಕೆ ತಿರುಗಿಸಿದೆ."

ಮಂದಾರಾ ಅಂಗೈಯಿಂದ ಮುಖ ಒರೆಸಿಕೊಂಡಳು. ಆಮೇಲೆ ಮೆಲ್ಲಗೆ ಅಂದಳು. "ಬೀಳೋವಾಗ್ಲೂ ನಿನ್ನನ್ನೇ ಬೈತಿದ್ದೆ ಕಣೇ ಅಕ್ಕ."

"ಬೈದ್ಕೋ. ಮೊದಲು ಉಸಿರಾಡು" ಎಂದು ವಾರಿಜಾ ಅವಳಿಗೆ ಟವಲ್ ಹೊದಿಸಿದಳು.

ದಡ ಮುಟ್ಟಿದ ಮೇಲೆ ವಾರಿಜಾ ಬಾವುಟವನ್ನು ಮಾಸ್ತರರಿಗೆ ಕೊಟ್ಟಳು. ಮಂದಾರಾ ಅವಳ ತೋಳು ಹಿಡಿದು ಕಲ್ಲುಬೆಂಚಿನ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು.

ನೀತಿ: ನಮ್ಮನ್ನು ನಂಬಿ ನೀರಿಗೆ ಇಳಿದವರ ಮೇಲಿನ ಕಣ್ಣು ತೆಗೆಯಬಾರದು, ಅವರೇ ಮುನಿಸಿಕೊಂಡರೂ ಸರಿ. ಕಾಯುವವರಿಗೆ ಚಪ್ಪಾಳೆ ಸಿಗದಿರಬಹುದು, ಆದರೆ ಆಡುವವರು ಮನೆಗೆ ಮರಳುವುದು ಅವರಿಂದಲೇ.